ಯಂತ್ರ ಹಿಡಿಯದ ತಪ್ಪು

ಪರಮಾಣು ಸ್ಥಾವರದೊಳಗೆ ನ್ಯೂಟ್ರಾನುಗಳು ಎಲ್ಲಿ ಚದುರುತ್ತವೆ, ಎಲ್ಲಿ ಹೀರಲ್ಪಡುತ್ತವೆ ಎಂಬುದನ್ನು ಗಣಕಯಂತ್ರದಲ್ಲಿಯೇ ಲೆಕ್ಕಹಾಕುವ ತಂತ್ರಾಂಶಗಳಿವೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಎಂಸಿಎನ್‌ಪಿ ಅವುಗಳಲ್ಲಿ ಪ್ರಸಿದ್ಧವಾದುದು. ಅದಕ್ಕೆ ಆಧಾರವಾದ ಮಾಂಟೆ ಕಾರ್ಲೋ ವಿಧಾನವನ್ನು 1940ರ ದಶಕದಲ್ಲಿ ಉಲಾಮ್, ವಾನ್ ನಾಯ್ಮನ್ ಮೊದಲಾದವರು ರೂಪಿಸಿದರು. ಈ ಕ್ಷೇತ್ರದಲ್ಲಿರುವ ಹಳೆಯ ಶಿಷ್ಯನೊಬ್ಬನಿಂದ ಇದರ ವಿವರಗಳನ್ನು ಕೇಳಿದ ಮೇಲೆ ನನಗನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ತಂತ್ರಾಂಶಕ್ಕೆ ಒದಗಿಸುವ ಕಡತದಲ್ಲಿ ಮೂರು ಭಾಗಗಳು: ಕೋಶಗಳು, ಅವುಗಳ ಎಲ್ಲೆಯಾದ ಮೇಲ್ಮೈಗಳು, ಹಾಗೂ ವಸ್ತು, ವಿಕಿರಣದ ಆಕರ ಮುಂತಾದ ದತ್ತಾಂಶ. ಭಾಗಗಳ ನಡುವೆ ಒಂದೊಂದು ಖಾಲಿ ಸಾಲು. ರಂಧ್ರ ಕೊರೆದ ಕಾರ್ಡುಗಳ ಕಾಲದ ಕುರುಹಾಗಿ ಅಲ್ಲಿನ ನಮೂದುಗಳಿಗೆ ಇಂದಿಗೂ 'ಕಾರ್ಡ್' ಎಂದೇ ಹೆಸರು. ಇಲ್ಲದ ಮೇಲ್ಮೈಯ ಸಂಖ್ಯೆಯನ್ನು ನಮೂದಿಸಿದರೆ ಯಂತ್ರವು 'ಮಾರಕ ದೋಷ' ಎಂದು ಸಾರಿ ಲೆಕ್ಕವನ್ನು ನಿರಾಕರಿಸುತ್ತದೆ. ಕೆಲವೊಮ್ಮೆ ದೋಷಗಳ ಉದ್ದನೆಯ ಪಟ್ಟಿಯೇ ಬರುವುದುಂಟು. ಗಾಬರಿ ಬೇಡ. ಮೊದಲನೆಯ ದೋಷವನ್ನಷ್ಟೇ ನಿಜವೆಂದು ನಂಬಬೇಕು. ಉಳಿದವು ಅದರ ಸಂತಾನವಾಗಿರಬಹುದು. ಅದನ್ನು ತಿದ್ದಿ ಮತ್ತೆ ಓಡಿಸುವುದೇ ಸರಿಯಾದ ಕ್ರಮ.

ನನ್ನ ಆತಂಕವಿರುವುದು ಯಂತ್ರ ಕೂಗಿ ಹೇಳುವ ಈ ತಪ್ಪುಗಳ ಬಗೆಗಲ್ಲ, ಮೌನವಾಗಿ ಒಪ್ಪಿಕೊಳ್ಳುವ ತಪ್ಪುಗಳ ಬಗೆಗೆ. ಕೋಶದ ಸಾಂದ್ರತೆಯ ಮುಂದೆ ಋಣಚಿಹ್ನೆ ಇದ್ದರೆ ಅದು ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದರ್ಥ. ಇಲ್ಲದಿದ್ದರೆ ಅದು ಪರಮಾಣುಗಳ ಎಣಿಕೆ. ನೀರಿಗೆ -1 ಎಂದು ಬರೆಯಬೇಕಾದಲ್ಲಿ ಬರಿಯ 1 ಎಂದು ಬರೆದರೆ, ಲೆಕ್ಕದೊಳಗಿನ ನೀರು ನಿಜವಾದ ನೀರಿಗಿಂತ ಸುಮಾರು ಹತ್ತು ಪಟ್ಟು ಸಾಂದ್ರವಾಗುತ್ತದೆ. ಎರಡೂ ಬರಹಗಳು ನಿಯಮಬದ್ಧವೇ ಆದ್ದರಿಂದ ಯಂತ್ರ ನಿಲ್ಲುವುದಿಲ್ಲ. ಆ ನೀರು ವಿಕಿರಣವನ್ನು ತಡೆಯುವ ಗೋಡೆಯಾಗಿದ್ದರೆ? ಹೊರಗೆ ನಿಂತವನಿಗೆ ತಗಲುವ ವಿಕಿರಣ ಇರುವುದಕ್ಕಿಂತ ಬಹಳ ಕಡಿಮೆಯೆಂದು ಉತ್ತರ ಬರುತ್ತದೆ. ಒಂದು ಗೀಟಿನ ಬೆಲೆ ಅಷ್ಟು.

ತಂತ್ರಾಂಶವನ್ನೇ ಇನ್ನಷ್ಟು ಜಾಣವಾಗಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸ್ವಲ್ಪಮಟ್ಟಿಗೆ ಸಾಧ್ಯವಿರಬಹುದು. ಆದರೆ ಬರೆದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಂತ್ರ ಹೇಗೆ ತಾನೇ ಅರಿಯಬೇಕು? ಬರೆದದ್ದನ್ನು ಮಾತ್ರ ಅದು ಬಲ್ಲದು. ಆದುದರಿಂದ ಪರಿಹಾರ ಮನುಷ್ಯನ ಅಭ್ಯಾಸದಲ್ಲಿಯೇ ಇರಬೇಕು. ತಂತ್ರಾಂಶದಲ್ಲಿರುವ ಚಿತ್ರಣದ ಸೌಲಭ್ಯದಿಂದ ಆಕೃತಿಯನ್ನು ಬರೆಸಿ ನೋಡಬೇಕು. ಪ್ರತಿ ಕೋಶದ ದ್ರವ್ಯರಾಶಿಯನ್ನು ಕೈಯಿಂದ ಲೆಕ್ಕಹಾಕಿ, ಯಂತ್ರ ಅಚ್ಚುಮಾಡಿದ ಕೋಷ್ಟಕದೊಡನೆ ತಾಳೆ ನೋಡಬೇಕು. ಕಡತವನ್ನು ಬರೆಯದ ಇನ್ನೊಬ್ಬರು ಅದನ್ನು ಓದಬೇಕು.

ತರಗತಿಯಲ್ಲಿ ನಾವು ತಾಳೆ ನೋಡಿರೆಂದು ಹೇಳುತ್ತಿದ್ದುದು ಅಂಕಗಳಿಗಾಗಿ ಮಾತ್ರವಲ್ಲ. 'ದೋಷವಿಲ್ಲ' ಎಂದು ಯಂತ್ರ ಹೇಳಿದರೆ ಬರಹ ಅದಕ್ಕೆ ಅರ್ಥವಾಯಿತೆಂದಷ್ಟೇ ತಿಳಿಯಬೇಕು, ಉತ್ತರ ಸರಿಯೆಂದಲ್ಲ. ಗಣಕದ ಮುಂದೆ ಕುಳಿತ ಇಂದಿನ ತರುಣರಿಗೆ ಈ ಭೇದವನ್ನು ಮೊದಲ ಪಾಠವಾಗಿ ಕಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.