ಗುರುವಿನ ಸಂಬಳ, ಸಂಸ್ಥೆಯ ಸ್ವಾತಂತ್ರ್ಯ: ಕೇರಳದ ಕ್ಯಾಥೊಲಿಕ್ ಶಾಲೆಗಳು ಕಲಿಸುವ ಪಾಠ

ಜೋಸೆಫ್ ಮುಂಡಶ್ಶೇರಿಯವರನ್ನು ಸಾಹಿತ್ಯದ ವಿದ್ಯಾರ್ಥಿಗಳು ಮಲಯಾಳದ ದೊಡ್ಡ ವಿಮರ್ಶಕರೆಂದು ಬಲ್ಲರು. ರಾಜಕೀಯ ಚರಿತ್ರೆಯ ಅಭ್ಯಾಸಿಗಳು ಅವರನ್ನು 1957ರಲ್ಲಿ ಕೇರಳದ ಮೊದಲ ಮಂತ್ರಿಮಂಡಲದ ಶಿಕ್ಷಣ ಸಚಿವರೆಂದು ಬಲ್ಲರು. ಈ ಎರಡು ಪರಿಚಯಗಳು ಒಂದೆಡೆ ಕೂಡುವುದು ವಿರಳ. ಕೂಡಿಸಿ ನೋಡಿದಾಗ ಕ್ಯಾಥೊಲಿಕ್ ಶಾಲೆಗಳ ಕುರಿತ ನಮ್ಮ ರೂಢಿಯ ಮಾತುಗಳು ಸಾಲದಾಗುತ್ತವೆ.

ಮುಂಡಶ್ಶೇರಿಯವರು ಹುಟ್ಟಿನಿಂದ ಕ್ಯಾಥೊಲಿಕರು. ತೃಶ್ಶೂರಿನಲ್ಲಿ 1889ರಲ್ಲಿ ಆರಂಭವಾದ ಸೇಂಟ್ ಥಾಮಸ್ ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿ, ಆಡಳಿತದೊಡನೆ ವಿರಸ ಬೆಳೆದು ಹೊರಬಂದವರು. ಖಾಸಗಿ ಕಾಲೇಜಿನ ಅಧ್ಯಾಪಕನ ಬವಣೆಯನ್ನು ಅವರು ಮಸೂದೆಯಾಗಿ ಬರೆಯುವ ಮೊದಲೇ ‘ಪ್ರೊಫೆಸರ್’ ಎಂಬ ಕಾದಂಬರಿಯಾಗಿ ಬರೆದಿದ್ದರು. ಆದ್ದರಿಂದ ಅವರ ಶಿಕ್ಷಣ ಮಸೂದೆಯನ್ನು ಹೊರಗಿನವರ ಮತದ್ವೇಷವೆಂದು ತಳ್ಳಿಹಾಕುವುದು ಚರಿತ್ರೆಗೆ ಎಸಗುವ ಅಪಚಾರ.

ಆದರೆ ಆ ಶಾಲೆಗಳ ಋಣವನ್ನು ಮರೆಯುವುದೂ ಅಷ್ಟೇ ದೊಡ್ಡ ಅಪಚಾರ. ಕುರಿಯಾಕೋಸ್ ಎಲಿಯಾಸ್ ಚಾವರ ಅವರು 1846ರಲ್ಲಿ ಮಾನ್ನಾನದಲ್ಲಿ ಸಂಸ್ಕೃತ ಶಾಲೆಯನ್ನು ತೆರೆದರು. 1864ರಲ್ಲಿ ವಿಕಾರ್ ಜನರಲ್ ಆಗಿ, ಪ್ರತಿ ಚರ್ಚಿನ ಜೊತೆಗೆ ಒಂದು ಶಾಲೆಯಿರಬೇಕೆಂದು ವಿಧಿಸಿದರು. ಮಲಯಾಳದಲ್ಲಿ ಶಾಲೆಗೆ ‘ಪಳ್ಳಿಕ್ಕೂಡಂ’ ಎಂಬ ಹೆಸರಿದೆ. ಚರ್ಚನ್ನೂ ‘ಪಳ್ಳಿ’ ಎನ್ನುತ್ತಾರೆ. ‘ಪಳ್ಳಿ’ ಎಂಬುದು ತಮಿಳು ನಾಡಿನಲ್ಲಿ ಜೈನ, ಬೌದ್ಧ ವಿಹಾರಗಳಿಗೂ ಸಂದಿದ್ದ ಹಳೆಯ ಶಬ್ದವೆಂಬುದನ್ನು ಶಾಸನಗಳನ್ನು ಓದುವವರು ಬಲ್ಲರು. ಆರಾಧನೆಯ ತಾಣದ ಮಗ್ಗುಲಲ್ಲಿ ಅಕ್ಷರವನ್ನಿಡುವ ಪದ್ಧತಿ ಯಾವುದೊಂದು ಮತದ ಸ್ವತ್ತೂ ಅಲ್ಲ.

ಕಟ್ಟಡವನ್ನು ಕಟ್ಟಿದವರ ತ್ಯಾಗ ನಿಜ. ಅದರೊಳಗೆ ದುಡಿದವರ ಬಡತನವೂ ನಿಜ. ಕಾರೂರು ನೀಲಕಂಠ ಪಿಳ್ಳೆಯವರ ‘ಪೊದಿಚ್ಚೋರು’ ಕತೆಯಲ್ಲಿ ಹಸಿವು ತಾಳಲಾರದ ಮೇಷ್ಟರು ತನ್ನ ವಿದ್ಯಾರ್ಥಿಯ ಊಟದ ಪೊಟ್ಟಣವನ್ನೇ ಕದಿಯುತ್ತಾರೆ. ಅದು ಯಾವುದೇ ಮತದ ಶಾಲೆಯ ಮೇಲಿನ ದೂರಲ್ಲ, ಒಂದು ಕಾಲದ ಎಲ್ಲ ಶಾಲಾ ಶಿಕ್ಷಕರ ಸ್ಥಿತಿ. ಮುಂಡಶ್ಶೇರಿಯವರ ಮಸೂದೆ ಕೈಹಾಕಿದ್ದು ಇಲ್ಲಿಗೇ: ಅನುದಾನಿತ ಶಾಲೆಯ ಶಿಕ್ಷಕರಿಗೆ ಸರ್ಕಾರವೇ ನೇರವಾಗಿ ಸಂಬಳ ಕೊಡಬೇಕು, ಲೋಕಸೇವಾ ಆಯೋಗ ಸಿದ್ಧಪಡಿಸಿದ ಪಟ್ಟಿಯಿಂದ ನೇಮಕವಾಗಬೇಕು. ಜೊತೆಗೆ, ಶಾಲೆಯ ಆಡಳಿತವನ್ನು ಸರ್ಕಾರ ವಶಪಡಿಸಿಕೊಳ್ಳುವ ಅಧಿಕಾರವೂ ಅದರಲ್ಲಿತ್ತು.

ರಾಷ್ಟ್ರಪತಿಗಳು ಮಸೂದೆಯನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳುಹಿಸಿದರು. 1958ರಲ್ಲಿ ಬಂದ ಉತ್ತರದ ಸಮತೂಕ ಇಂದಿಗೂ ಅಭ್ಯಾಸಯೋಗ್ಯ. ಸಂಬಳ ಮತ್ತು ನೇಮಕದ ನಿಯಮಗಳು ಸಂಸ್ಥೆಯ ಹಕ್ಕನ್ನು ಗಂಭೀರವಾಗಿ ತಟ್ಟುತ್ತವೆಯಾದರೂ, ಅನುದಾನ ಪಡೆಯುವಲ್ಲಿ ಸದ್ಯಕ್ಕೆ ಸಹ್ಯವೆಂದಿತು. ಅಲ್ಪಸಂಖ್ಯಾತರ ಶಾಲೆಗಳನ್ನು ವಶಪಡಿಸಿಕೊಳ್ಳುವುದು ಸಂವಿಧಾನದ 30ನೆಯ ವಿಧಿಗೆ ವಿರುದ್ಧವೆಂದಿತು. ಆಡಳಿತದ ಹಕ್ಕು ದುರಾಡಳಿತದ ಹಕ್ಕನ್ನು ಒಳಗೊಳ್ಳದೆಂಬ ವಿವೇಕವೂ ಅಲ್ಲೇ ಇದೆ. ಬೀದಿಗೆ ಈ ಸಮತೂಕ ರುಚಿಸಲಿಲ್ಲ. ವಿಮೋಚನಾ ಸಮರ ಭುಗಿಲೆದ್ದು, 1959ರ ಜುಲೈ 31ರಂದು ಸರ್ಕಾರವೇ ವಜಾ ಆಯಿತು. ಆ ಹೋರಾಟದಲ್ಲಿ ಕ್ಯಾಥೊಲಿಕ್ ಸಭೆಯೊಡನೆ ನಿಂತ ನಾಯಕರು ನಾಯರ್ ಸರ್ವಿಸ್ ಸೊಸೈಟಿಯ ಮನ್ನತ್ತು ಪದ್ಮನಾಭನ್. ಆ ಸೊಸೈಟಿಯೂ ಶಾಲೆಗಳನ್ನು ನಡೆಸುತ್ತಿತ್ತು. ವ್ಯಾಜ್ಯದ ತಿರುಳಿನಲ್ಲಿದ್ದುದು ಮತವೊಂದೇ ಅಲ್ಲ, ಶಾಲೆಯ ಒಡೆತನವೂ ಹೌದೆನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಕ್ಯಾಥೊಲಿಕ್ ಶಾಲೆಗಳ ಬಗ್ಗೆ ನಮ್ಮಲ್ಲಿ ಎರಡೇ ಧೋರಣೆಗಳು ಬೇರೂರಿವೆ. ಒಂದು, ಶಿಸ್ತು ಮತ್ತು ಇಂಗ್ಲಿಷಿನ ಮೋಹದಿಂದ ಹುಟ್ಟಿದ ಭಕ್ತಿ. ಇನ್ನೊಂದು, ಮತಾಂತರದ ಭಯದಿಂದ ಹುಟ್ಟಿದ ಶಂಕೆ. ಎರಡರಲ್ಲಿಯೂ ಶಿಕ್ಷಕನಿಗೆ ಸ್ಥಳವಿಲ್ಲ. ಕಾರೂರರ ಮೇಷ್ಟರು ಈ ಎರಡೂ ಪಕ್ಷಗಳ ಕಣ್ಣಿಗೆ ಬೀಳುವುದಿಲ್ಲ. ಸಾಹಿತ್ಯವು ಚರಿತ್ರೆಗೆ ಒದಗಿಸಬಲ್ಲ ಸಾಕ್ಷ್ಯವೆಂದರೆ ಇದೇ.

ಜೈನನಾಗಿ ಈ ವಿಷಯವನ್ನು ನಾನು ದೂರ ನಿಂತು ಬರೆಯುವಂತಿಲ್ಲ. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿಸಲಾಯಿತು. ನಮ್ಮ ಸಂಸ್ಥೆಗಳು ಆಶ್ರಯಿಸುವ 30ನೆಯ ವಿಧಿಯ ಅರ್ಥವು ಸ್ಪಷ್ಟಗೊಂಡಿರುವುದು ಬಹುಮಟ್ಟಿಗೆ ಕ್ಯಾಥೊಲಿಕ್ ಸಂಸ್ಥೆಗಳು ಹೂಡಿದ ದಾವೆಗಳಿಂದ. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಮೊಕದ್ದಮೆಯಲ್ಲಿ 1974ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು ಅವುಗಳಲ್ಲಿ ಮುಖ್ಯವಾದುದು. ಅವರು ಹೋರಾಡಿ ಗಳಿಸಿದ ನೆರಳಿನಲ್ಲಿ ನಿಂತು ಅವರನ್ನು ಶಂಕಿಸುವುದು ನಮಗೆ ಶೋಭಿಸದು. ಹಾಗೆಯೇ, ಆ ನೆರಳನ್ನು ಶಿಕ್ಷಕರ ನ್ಯಾಯವಾದ ಬೇಡಿಕೆಗೆ ಅಡ್ಡಗೋಡೆಯಾಗಿಸಿಕೊಳ್ಳುವುದೂ ಸಲ್ಲದು.

ನಮ್ಮ ಪರಂಪರೆ ಆಹಾರ, ಅಭಯ, ಔಷಧಗಳ ಸಾಲಿನಲ್ಲಿಯೇ ಶಾಸ್ತ್ರದಾನವನ್ನು ಇಟ್ಟಿದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಸಾವಿರ ಪ್ರತಿಗಳನ್ನು ಕುಳಿತು ಬರೆದ ಲಿಪಿಕಾರರು ಯಾರೆಂದು ಕೇಳಿಕೊಂಡದ್ದು ಕಡಿಮೆ. ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು, ಅವು ಯಾವ ಮತದವೇ ಆಗಲಿ, ಇನ್ನು ಮುಂದೆ ಆ ಪ್ರಶ್ನೆಯಿಂದಲೇ ಆರಂಭಿಸಬೇಕು.