ಹದಿನೈದು ದಿನದ ವಾಯಿದೆ, ನಾಲ್ಕು ಜನ ಕಾರ್ಯಕರ್ತರು

ತೆರಿಗೆ, ವಿದ್ಯುತ್ ದರ, ಬ್ಯಾಂಕ್ ಬಡ್ಡಿಗಳ ಚರ್ಚೆಗೆ ಮೀಸಲಾದ ಈ ಪುಟಗಳಲ್ಲಿ ಮಕ್ಕಳ ರಕ್ಷಣೆಯ ವಿಷಯವು ವರ್ತಕ ಬಾಂಧವರಿಗೆ ಹೊರಗಿನದೆಂದು ತೋರಬಹುದು. ಆದರೆ ಹೋಟೆಲು, ಗ್ಯಾರೇಜು, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುತ್ತಿರುವಾಗ ಸಿಕ್ಕ ಮಗು ಮುಂದೆ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಕಾಯುತ್ತದೆ ಎಂಬ ಲೆಕ್ಕವು ನಮ್ಮ ಅಂಗಡಿಯ ಬಾಗಿಲಿನಿಂದಲೇ ಆರಂಭವಾಗುತ್ತದೆ.

2015ರ ಬಾಲ ನ್ಯಾಯ ಕಾಯ್ದೆಯಂತೆ ಇಂತಹ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವಿನ ಮನೆ, ಶಾಲೆ, ನೆರೆಹೊರೆಗಳನ್ನು ವಿಚಾರಿಸುವ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಅದನ್ನಾಧರಿಸಿ ಸಮಿತಿಯು ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ನೀಡಬೇಕು. ವರದಿಯೇ ಬಾರದಿದ್ದರೆ ಸಮಿತಿ ಯಾವ ಧೈರ್ಯದಿಂದ ಮಗುವನ್ನು ಮನೆಗೆ ಕಳುಹಿಸೀತು?

ಇನ್ನು ಕೈಗಳ ಲೆಕ್ಕ. ಮಿಷನ್ ವಾತ್ಸಲ್ಯ ಯೋಜನೆಯ ಮಾದರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೊಂದಕ್ಕೆ ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಕ್ಷೇತ್ರ ಕಾರ್ಯಕರ್ತರು. ಅಧಿಕಾರಿಗಳು, ಆಪ್ತಸಮಾಲೋಚಕರು, ನಮ್ಮವನೇ ಆದ ಒಬ್ಬ ಲೆಕ್ಕಿಗ ಬೇರೆ ಇದ್ದಾರೆ. ಹಳ್ಳಿಗೆ ಹೋಗುವ ಹೊರೆ ಮುಖ್ಯವಾಗಿ ಈ ನಾಲ್ವರದು. 2011ರ ಜನಗಣತಿಯಂತೆ ಬೀದರ್ ಜಿಲ್ಲೆಯ ಜನಸಂಖ್ಯೆ 17 ಲಕ್ಷ ಮೀರಿದೆ, ತಾಲ್ಲೂಕುಗಳು ಎಂಟು. ಎಲ್ಲ ಹುದ್ದೆಗಳೂ ಭರ್ತಿಯಾಗಿವೆ ಎಂದೇ ಭಾವಿಸೋಣ. ರಜಾದಿನ ಕಳೆದರೆ 15 ದಿನಗಳಲ್ಲಿ ಒಬ್ಬರಿಗೆ 12 ಕೆಲಸದ ದಿನ, ನಾಲ್ವರಿಗೆ 48. ಓಡಾಟ, ವಿಚಾರಣೆ, ಬರವಣಿಗೆ ಸೇರಿ ಒಂದು ತನಿಖೆಗೆ ಮೂರು ದಿನ ಹಿಡಿದರೆ 16 ಪ್ರಕರಣ. ಹದಿನೇಳನೆಯ ಮಗು ಸರದಿಯಲ್ಲಿ ನಿಲ್ಲುತ್ತದೆ. ಒಬ್ಬರು ರಾಜೀನಾಮೆ ಕೊಟ್ಟರೆ ಹದಿಮೂರನೆಯದೇ ನಿಲ್ಲುತ್ತದೆ; ಇವು ಬಹುಪಾಲು ಗುತ್ತಿಗೆಯ ಹುದ್ದೆಗಳಾದ್ದರಿಂದ ರಾಜೀನಾಮೆ ಅಪರೂಪವೆಂದು ಯಾರೂ ಭಾವಿಸಬೇಕಾಗಿಲ್ಲ.

ಮೂರು ದಿನವೆಂಬುದೂ ಬೀದರ್ ನಗರದ ಓಣಿಗಳಿಗೆ ಒಪ್ಪುವ ಅಂದಾಜು. ಔರಾದ್ ತಾಲ್ಲೂಕಿನ ತಾಂಡಾಗಳಿಂದ, ಭಾಲ್ಕಿಯ ಹಳ್ಳಿಗಳಿಂದ ಕುಟುಂಬಗಳು ದುಡಿಮೆಗೆಂದು ಹೈದರಾಬಾದಿಗೆ, ಪುಣೆಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವುದು ನಮಗೆಲ್ಲ ತಿಳಿದದ್ದೇ. ಕಾರ್ಯಕರ್ತರು ಹೋದಾಗ ಮನೆಗೆ ಬೀಗ, ಮತ್ತೊಮ್ಮೆ ಹೋಗಬೇಕು. ಮಗುವಿನ ಊರು ಲಾತೂರ್, ನಾಂದೇಡ್ ಅಥವಾ ಸಂಗಾರೆಡ್ಡಿ ಜಿಲ್ಲೆಯದಾದರೆ ಅಲ್ಲಿಯ ಘಟಕಕ್ಕೆ ಪತ್ರ ಬರೆಯಬೇಕು, ಅಲ್ಲಿಯ ಸರದಿಯಲ್ಲೂ ನಿಲ್ಲಬೇಕು. ಗಡಿ ತಾಲ್ಲೂಕಿನ ಮಗು ಹೀಗೆ ಎರಡು ಸರದಿಗಳಲ್ಲಿ ಕಾಯುತ್ತದೆ. ಇಡೀ ರಾಜ್ಯಕ್ಕೆ ಒಂದೇ ಅಳತೆಯ ಸಿಬ್ಬಂದಿ ಮಾದರಿಯಲ್ಲಿ ಈ ವ್ಯತ್ಯಾಸಕ್ಕೆ ಕಾಲಂ ಇಲ್ಲ.

ವಿಳಂಬದ ಬೆಲೆ ಸಣ್ಣದಲ್ಲ. 2000ದಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ ಮನೆಯವರ ಹಿಂಸೆಯಿಂದ ಸತ್ತಳು. ಅವಳನ್ನು ಉಳಿಸಲು 12 ಅವಕಾಶಗಳಿದ್ದವೆಂದು 2003ರ ಲಾರ್ಡ್ ಲೇಮಿಂಗ್ ವರದಿ ಎಣಿಸಿ ತೋರಿಸಿತು. ಅಷ್ಟು ಸಿರಿವಂತ ನಗರದಲ್ಲೇ ಹೀಗೆ.

ನಮ್ಮಲ್ಲಿ 14 ವರ್ಷದೊಳಗಿನ ಮಗುವನ್ನು ಕೆಲಸಕ್ಕಿಟ್ಟುಕೊಂಡವರಿಗೆ 20,000ದಿಂದ 50,000 ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆ, ಅಥವಾ ಎರಡೂ ಆಗಬಹುದು. (14 ತುಂಬಿತೆಂದರೆ ಎಲ್ಲಕ್ಕೂ ರಹದಾರಿ ಎಂದು ತಿಳಿದವರಿಗೆ ಒಂದು ಮಾತು: 18 ತುಂಬುವವರೆಗೆ ಅಪಾಯಕಾರಿ ಕೆಲಸ ನಿಷಿದ್ಧ.) ದಂಡ ಕಟ್ಟಿದ ಮಾಲೀಕನ ಕಡತ ಮುಚ್ಚುತ್ತದೆ, ಮನೆಯ ಸಾಲ, ತಂದೆಯ ಕಾಯಿಲೆ ವಿಚಾರಿಸುವವರಿಲ್ಲದೆ ಮರಳಿದ ಮಗು ಇನ್ನೊಂದು ಅಂಗಡಿಯ ಮುಂದೆ ನಿಲ್ಲುತ್ತದೆ.

ಇದು ಸರ್ಕಾರದ ಕೆಲಸ, ನಮಗೇಕೆ ಎನ್ನುವವರಿದ್ದಾರೆ. ರಸ್ತೆಯೂ ಸರ್ಕಾರದ ಕೆಲಸವೇ. ಅದಕ್ಕಾಗಿ ನಾವು ವರ್ಷವರ್ಷವೂ ಮನವಿ ಸಲ್ಲಿಸುವುದಿಲ್ಲವೇ? ಪುಸ್ತಕ, ಚೀಲ ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವುದರಿಂದ ಈ ಸರದಿ ಕರಗದು. ಮುಂಗಡಪತ್ರಕ್ಕೆ ಮುನ್ನ ರಾಜ್ಯ ಸರ್ಕಾರಕ್ಕೆ ಸಲ್ಲಿಸುವ ಮನವಿಯಲ್ಲಿ ಔರಾದ್, ಭಾಲ್ಕಿಗಳಿಗೆ ತಲಾ ಒಬ್ಬ ಕಾಯಂ ಕಾರ್ಯಕರ್ತ, ಗಡಿಯಾಚೆಗಿನ ಪ್ರವಾಸಕ್ಕೆ ಪ್ರತ್ಯೇಕ ಭತ್ಯೆ ಬೇಕೆಂದು ನಮ್ಮ ಸಂಸ್ಥೆ ಕೇಳಬೇಕು.

ಇನ್ನೊಂದನ್ನು ಜಿಲ್ಲಾಧಿಕಾರಿಗಳಲ್ಲಿ ಈಗಲೇ ಕೋರಬಹುದು. ಬಾಕಿ ಪ್ರಕರಣಗಳ ವರದಿ ಮೂರು ತಿಂಗಳಿಗೊಮ್ಮೆ ಅವರಿಗೆ ಹೋಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಉದ್ರಿ ಬಾಕಿಯನ್ನು ನಾವು ದಿನವಾರು ವಿಂಗಡಿಸುವಂತೆ ಅದನ್ನೂ 15 ದಿನದೊಳಗೆ, 60 ದಿನದೊಳಗೆ, ನಾಲ್ಕು ತಿಂಗಳು ಮೀರಿದ್ದು ಎಂದು ವಿಂಗಡಿಸಿ ಪ್ರಕಟಿಸಲಿ. ಮಕ್ಕಳ ಹೆಸರು ಬೇಡ, ಗುರುತೂ ಬೇಡ. ದಿನಗಳ ಸಂಖ್ಯೆ ಸಾಕು.