ಮೂರು ಕಡ್ಡಿಗಳ ಬಲ

ಮಕ್ಕಳೇ, ನಾಲ್ಕು ಐಸ್‌ಕ್ರೀಂ ಕಡ್ಡಿಗಳ ತುದಿಗಳನ್ನು ಗುಂಡುಸೂಜಿಯಿಂದ ಜೋಡಿಸಿ ಚೌಕ ಮಾಡಿ. ಒಂದು ಮೂಲೆಯನ್ನು ಬೆರಳಿನಿಂದ ತಳ್ಳಿ. ಚೌಕ ವಾಲಿಬಿಡುತ್ತದೆ. ಈಗ ಮೂರೇ ಕಡ್ಡಿಗಳಿಂದ ತ್ರಿಕೋನ ಮಾಡಿ ತಳ್ಳಿ. ಅಲುಗುವುದಿಲ್ಲ! ಕಡ್ಡಿಯ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು. ವಿದ್ಯುತ್ ತಂತಿಯ ಎತ್ತರದ ಗೋಪುರ, ಕಬ್ಬಿಣದ ರೈಲು ಸೇತುವೆಯ ಜಾಲರಿ, ಎಲ್ಲದರಲ್ಲೂ ಇದೇ ಗುಟ್ಟು. ಇಂಥ ತ್ರಿಕೋನಗಳ ಸಾಲಿಗೆ ಟ್ರಸ್ ಎನ್ನುತ್ತಾರೆ.

ರಜೆಗೆ ಗೊರೂರಿಗೆ ಬಂದಿದ್ದ ನನ್ನ ಮೊಮ್ಮಗಳು ಶಾಲೆಯ ಪ್ರದರ್ಶನಕ್ಕೆ ಟ್ರಸ್ ಸೇತುವೆ ಮಾಡಿದಳು. ಇಂಗ್ಲೆಂಡಿನ ಜೇಮ್ಸ್ ವಾರೆನ್ 1848ರಲ್ಲಿ ಪೇಟೆಂಟ್ ಪಡೆದ ಮಾದರಿ ಅದು. ಮೊದಲು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಜ ಅಳತೆಯ ಚಿತ್ರ ಬರೆದೆವು. ಒಂದು ಪಕ್ಕಕ್ಕೆ 15 ಕಡ್ಡಿ: ಕೆಳಸಾಲಿಗೆ 4, ಮೇಲುಸಾಲಿಗೆ 3, ಓರೆಯಾಗಿ 8. ಎರಡು ಪಕ್ಕಗಳ ನಡುವೆ ಅಡ್ಡಕ್ಕೆ ಅರ್ಧ ಕಡ್ಡಿಗಳು. ಅಂಟು ಹಚ್ಚಿದ ಪ್ರತಿ ಸಂದಿಗೂ ಬಟ್ಟೆಯ ಕ್ಲಿಪ್ಪು ಕಚ್ಚಿಸಿ ಒಂದು ದಿನ ಒಣಗಲು ಬಿಟ್ಟೆವು.

ಭಾರ ಹಾಕಿ ನೋಡೋಣವೆಂದರೆ ಅವಳು ಒಪ್ಪಲಿಲ್ಲ. “ಮುರಿದುಹೋದರೆ?” ಅಂದಳು. ಅಜ್ಜಿಯೂ ಅವಳ ಪಕ್ಷ. “ಪ್ರದರ್ಶನದಲ್ಲಿ ಯಾರಾದರೂ ಇದು ಎಷ್ಟು ಹೊರುತ್ತದೆ ಎಂದು ಕೇಳಿದರೆ ಏನು ಹೇಳುತ್ತೀ?” ಎಂದೆ. ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಬಕೆಟ್ಟು ತಂದವಳು ಅವಳೇ.

ಎರಡು ಸ್ಟೂಲುಗಳ ನಡುವೆ ಸೇತುವೆ ಇಟ್ಟು, ಕೆಳಸಾಲಿನ ನಡುಸಂದಿಗೆ ಬಕೆಟ್ಟು ನೇತುಹಾಕಿದೆವು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. 9 ಲೀಟರ್ ಆಗುತ್ತಲೇ ಫಟ್ ಎಂದಿತು. ಅವಳ ಕಣ್ಣು ತುಂಬಿತು. ಆಮೇಲೆ ಚೂರುಗಳನ್ನು ಆಯ್ದು ನೋಡಿ, “ತಾತ, ಅಂಟು ಬಿಟ್ಟಿಲ್ಲ. ಮೇಲಿನ ಕಡ್ಡಿ ಪಕ್ಕಕ್ಕೆ ಬಾಗಿ ಮುರಿದಿದೆ” ಅಂದಳು.

ಕಡ್ಡಿಯ ಎರಡು ತುದಿ ಹಿಡಿದು ಎಳೆಯಿರಿ, ಮುರಿಯುವುದಿಲ್ಲ. ಒತ್ತಿ, ಬಾಗುತ್ತದೆ. ಇಂಥ ಸೇತುವೆಯಲ್ಲಿ ಕೆಳಸಾಲು ಎಳೆತಕ್ಕೆ, ಮೇಲುಸಾಲು ಒತ್ತಡಕ್ಕೆ ಸಿಕ್ಕಿರುತ್ತದೆ. ಬ್ಯಾಂಕಿನಲ್ಲಿ ಜಮಾ ಖರ್ಚು ತಾಳೆ ನೋಡಿದ ನನಗೆ ಇದು ಪರಿಚಿತ ಲೆಕ್ಕ: ಪ್ರತಿ ಸಂದಿನಲ್ಲೂ ಎಳೆತ, ಒತ್ತಡ ತಾಳೆಯಾಗಬೇಕು.

ಲೆಕ್ಕ ತಪ್ಪಿದರೆ ದೊಡ್ಡವರ ಸೇತುವೆಯೂ ನಿಲ್ಲದು. ಕೆನಡಾದ ಕ್ವಿಬೆಕ್‌ನಲ್ಲಿ 1907ರ ಆಗಸ್ಟ್ 29ರಂದು, ಇನ್ನೂ ಕಟ್ಟುತ್ತಿದ್ದ ಉಕ್ಕಿನ ಸೇತುವೆ ಕುಸಿದು 75 ಕೆಲಸಗಾರರು ಸತ್ತರು. ಸೇತುವೆಯ ಉದ್ದ ಹೆಚ್ಚಿಸಿದವರು ಅದರ ಸ್ವಂತ ತೂಕವನ್ನು ಮತ್ತೆ ಲೆಕ್ಕಹಾಕಿರಲಿಲ್ಲ. ಒತ್ತಡದ ತೊಲೆಗಳು ಬಾಗುತ್ತಿರುವುದನ್ನು ಮೊದಲೇ ಕಂಡಿದ್ದರೂ ಕೆಲಸ ನಿಲ್ಲಿಸಿರಲಿಲ್ಲ.

ಮೊಮ್ಮಗಳು ಎರಡನೆಯ ಸೇತುವೆಯ ಮೇಲುಸಾಲಿಗೆ ಜೋಡಿ ಕಡ್ಡಿ ಅಂಟಿಸಿದಳು, ಮೇಲ್ಭಾಗಕ್ಕೂ ಓರೆಕಡ್ಡಿ ಕೊಟ್ಟಳು. ಹೆಚ್ಚಿಗೆ ಬಿದ್ದದ್ದು 9 ಕಡ್ಡಿ. 17 ಲೀಟರ್ ಹೊತ್ತಿತು. ಪ್ರದರ್ಶನಕ್ಕೆ ಮೂರನೆಯದನ್ನು ಒಯ್ದಳು, ಜೊತೆಗೆ ಮುರಿದ ಎರಡನ್ನೂ.

ಅಜ್ಜ ಅಜ್ಜಿಯರೇ, ಈ ಭಾನುವಾರ ಕ್ಲಿಪ್ಪು ಹಿಡಿಯುವ ಕೆಲಸ ನಿಮ್ಮದು. ಬಕೆಟ್ಟಿನ ಕೆಳಗೆ ಗೋಣಿಚೀಲ ಹಾಸುವುದನ್ನು ಮರೆಯಬೇಡಿ.